ಎಡಗಾಲಿನ ಅಟ್ಟಿ

ಮಂದಿ ಆಟ ನೋಡ್ತಾರ, ನಾ ಅಟ್ಟಿ ನೋಡ್ತೀನಿ.
ಬೆಳಗಾವಿ ಕ್ಯಾಂಪಿನ ಹೈಸ್ಟ್ರೀಟಿನಾಗ
ಬೇಕರಿ ಗ್ವಾಡಿಗೆ ಬೆನ್ನ ಹಚ್ಚಿ ಮೂವತ್ತೊಂದು ವರ್ಷ,
ಒಂದು ಮ್ಯಾಚ್ ಪೂರಾ ನೋಡಿದಾಂವಲ್ಲ.
ಆದ್ರೂ ಮೌಲಾಲಿ ಸನದಿ ಹೆಂಗ ಆಡ್ತಿದ್ದ ಅಂತ
ನನ್ನ ಕೇಳ್ರಿ.

ಹನ್ನೆರಡರ ಹುಡುಗ, ಅಣ್ಣನ ಬೂಟು,
ತುದಿಯೊಳಗ ಚಿಂದಿ ತುರುಕಿದ್ದು.
ಬಲಗಾಲಿಂದು ಹೊಸಾದು ಇದ್ದಂಗ ಇತ್ತು.
ಎಡಗಾಲಿಂದು ಹೆಬ್ಬೆರಳ ಬುಡಕ, ಒಳಅಂಚಿಗೆ,
ಎರಡು ಸ್ಟಡ್ಡು ಸವದು ನೆಲಸಮ.
"ಏನಲೇ, ಒಂದ ಕಾಲಿಲೆ ಆಡ್ತೀ?" ಅಂದೆ.
"ಗೆರಿ ಗುಂಟ ಓಡೂದು ಕಾಕಾ,
ಒಮ್ಮೆಲೆ ಒಳಗ ತಿರುಗೂದು," ಅಂದ.
ಕೆಂಪು ಮಣ್ಣು ಕೆರದು ತಗದೆ.
ಅದರ ಕೆಳಗ ಸುಣ್ಣ.
ಗೆರಿ ಮ್ಯಾಲಿನ ಸುಣ್ಣ, ಎಡಗಾಲಿಗಷ್ಟ.

ಮುಂದ ಒಂದಿನ ನನ್ನ ಹತಾರದ ಪೆಟ್ಟಿಗಿ ಮುಚ್ಚಳದೊಳಗ
ಪೇಪರಿನ ಚಿತ್ರ ಅಂಟಿಸಿ ಹೋದ:
ಹಸಿರ ಅಂಗಿ, ಗಿಡ್ಡ ಮನಷ್ಯಾ,
ಬಲಕ್ಕ ಬಾಗಿದ ಮೈ, ಚೆಂಡು ಇನ್ನೂ ಎಡಕ್ಕ.
"ಮೆಕ್ಸಿಕೋದಾಂವ. ನನ್ನಂಗ ವಿಂಗರ್."
"ಎಲ್ಲೈತ್ಲೇ ಆ ಊರು?"
"ಮೆಣಸಿನಕಾಯಿ, ಗೋವಿನಜೋಳ
ಎರಡೂ ಅಲ್ಲಿಂದ ಬಂದಾವಂತ, ಮಾಸ್ತರ್ ಹೇಳಿದ್ರು."
ಆವತ್ತು ನನ್ನ ಬುತ್ತಿಯಾಗ ಇದ್ದದ್ದು
ಸಂಕೇಶ್ವರದ ಕಾಯಿ ಕುಟ್ಟಿದ ಖಾರ.
ರೊಟ್ಟಿ ಮುರದು ಚಿತ್ರದ ಕಡೆ ನೋಡಿದೆ,
ದೂರದ ಬೀಗರ ಮಾರಿ ಕಂಡಂಗಾತು.

ಚೋರ್ಲಾ ಘಾಟ ಇಳದು ಗೋವಾಕ್ಕ ಹೋದ.
ಕ್ಲಬ್ಬು, ಪಗಾರ, ಬೆನ್ನ ಮ್ಯಾಲ ಹನ್ನೊಂದು.
ಪೇಪರಿನಾಗ ಬರದ್ರು: ಬೆಳಗಾವಿಯ ಬಾಣ.
ಬಾಣ ಅಲ್ಲ ಅಂವ. ಬಾಣ ನಡುವ ತಿರುಗೂದಿಲ್ಲ.
ಅಲ್ಲೇನು ಬೂಟು ಹೊಲಿಯಾಂವ ಇಲ್ಲ? ಇದ್ದಿದ್ದಾರು.
ಆದ್ರೂ ಪ್ರತಿ ಬ್ಯಾಸಗಿ ಚೀಲ ಹೊತ್ತು ಬರಾಂವ,
ಮಾತಿನಾಗ ಚೂರು ಕೊಂಕಣಿ ಹಚಗೊಂಡು.
ನಾ ಬೂಟು ಬೋರಲ ಹಾಕಿ ವರ್ಷ ಓದಾಂವ.

ಮೊದಲ್ನೇದು: ಒಳಅಂಚು ಹಳೇ ಚಮಚದಂಗ ತೆಳ್ಳಗ.
ಖುಷಿ ಆತು, ಹೊಲಿಗಿ ರೊಕ್ಕ ತಗೊಳ್ಳಲಿಲ್ಲ.
ಮರುವರ್ಷ ಬಲಗಾಲ ಹಿಮ್ಮಡ ಸವದಿತ್ತು.
"ಎಡ ಮಂಡಿ ನೋಯ್ತದಲ್ಲ?"
"ಯಾರು ಹೇಳಿದ್ರು ನಿನಗ?" ಅಂತ ಸಿಟ್ಟಿಗೆದ್ದ.
ಅದರಾಚಿ ವರ್ಷ ಎರಡೂ ಬೂಟಿನ ತುದಿ.
ಹಿಂದ ಹಿಂದ ಓಡಾಂವ ಹಂಗ ಸವಸ್ತಾನ.
"ಹಿಂದಿನ ಸಾಲಿಗೆ ಹಾಕ್ಯಾರ," ಅಂದ,
"ಕೋಚ್ ಹೊಸಾಂವ."

ನಾಲ್ಕನೇ ಬ್ಯಾಸಗಿ ಚೀಲ ಇಟ್ಟಾಂವ
ಚಾ ತರ್ತೀನಿ ಅಂತ ಎದ್ದು ಹೋದ.
ಬಿಚ್ಚಿ ನೋಡಿದೆ.
ಕಿತ್ತಳೆ ಬಣ್ಣ, ತುಟ್ಟಿ ಮಾಲು.
ಅಟ್ಟಿ ಮ್ಯಾಲ ಕಂಪನಿ ಹೆಸರು ಹಂಗ ಐತಿ,
ಸ್ಟಡ್ಡು ಹಂಗ ಅದಾವ,
ಒಂದು ಎಸಳು ಹುಲ್ಲಿಲ್ಲ.
ಸವದ ಬೂಟಿಗೆ ನನ್ನ ಹಂತೇಕ ಚರ್ಮ ಐತಿ,
ದಾರ ಐತಿ, ಸೊಲ್ಯೂಷನ್ ಐತಿ.
ಸವೀಲಾರದ ಬೂಟಿಗೆ
ಏನ ಹಚ್ಚಲಿ?
ಚಾ ಕುಡದ್ವಿ. ಪಾಲಿಶ್ ಮಾಡಿ ಕೊಟ್ಟೆ.
ಅದು ಮೊದಲ ಹೊಳೀತಿತ್ತು.

ಈಗ ಟೆಂಪೋ ಹೊಡೀತಾನ,
ಖಾನಾಪುರ ಕಡಿಂದ ಮಾರ್ಕೆಟ್ಟಿಗೆ ಗೆಣಸು.
ಚಪ್ಪಲಿ ಹೊಲಿಸ್ಕೊಳ್ಳಾಕ ಬರ್ತಾನ.
ಎಡಗಾಲಿಂದ ಸವದಿರ್ತದ; ಕ್ಲಚ್ಚು ಕಾಕಾ, ಅಂತಾನ.
ನಾ ಹೂಂ ಅಂತೀನಿ.

ನಿನ್ನೆ, ದಾರಕ್ಕ ತಿಕ್ಕೂ ಮೇಣದ ಉಂಡಿ
ತೊಡಿಮ್ಯಾಲಿಂದ ಜಾರಿ ರಸ್ತೆಕ್ಕ ಉರುಳ್ತು.
ಎದುರಿಗೆ ಸಿಟಿ ಬಸ್ಸು.
ಅಂವ ಫೋನಿನ್ಯಾಗ ಯಾರಿಗೋ ಗೆಣಸಿನ ರೇಟು ಹೇಳಾಕತ್ತಿದ್ದ,
ನೋಡಲೇ ಇಲ್ಲ.
ಬರಿಗಾಲು, ಎಡಗಾಲು ಚಾಚಿ
ಡಾಂಬರಿನ ಅಂಚಿಗೆ ಉಂಡಿ ತಡದ,
ಒಳಗ ಎಳದ,
ಬೆರಳ ತುದೀಲೆ ಎತ್ತಿ ನನ್ನ ತೊಡಿಗೆ ಹಾಕಿದ.
ಗಾಳಿ ಬಡದು ಬಸ್ಸು ಹೋತು.
"ಕಿಲೋಕ್ಕ ಹದಿನೆಂಟರ ಕೆಳಗ ಆಗೂದಿಲ್ಲ," ಅಂತಿದ್ದ ಇನ್ನೂ.

ಫೋನು ಇಟ್ಟು, "ಎಷ್ಟಾತು ಕಾಕಾ?"
ಪೆಟ್ಟಿಗಿ ಮುಚ್ಚಳ ತೆರಕೊಂಡಿತ್ತು,
ಹಸಿರ ಅಂಗಿ ಹಳದಿ ಆಗೇತಿ.
ಇಪ್ಪತ್ತು, ಅಂದೆ.